ಚೀನಾದ ಹಳ್ಳಿಗಳ ಮನೆ ಅಳಿಯಂದಿರು: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಹಳ್ಳಿ ಮದುವೆ ಅಂದರೆ ಹೆಣ್ಣು ಗಂಡನ ಮನೆಗೆ ಹೋಗುವುದು, ಅಷ್ಟೇ ಅಂದುಕೊಂಡವರು ಜಾಸ್ತಿ. ಬಹುಪಾಲು ಅದು ನಿಜವೇ. ಆದರೆ ಗಂಡೇ ಗಂಟುಮೂಟೆ ಕಟ್ಟಿಕೊಂಡು ಹೆಂಡತಿಯ ಮನೆ ಸೇರುವ ಪದ್ಧತಿಯೂ ಅಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಇದೆ. ಆ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಆಯಿತು, ಕೆಲವು ನಾಲ್ಕು ಸಾಲಿಗೆ ಮುಗಿಯುತ್ತವೆ.

ಇಂಥ ಅಳಿಯನನ್ನು ಅಲ್ಲಿ ಏನಂತ ಕರೆಯುತ್ತಾರೆ?

ಕರೆಯುವವರು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಮರ್ಯಾದೆ ಕೊಟ್ಟು ಮಾತಾಡುವವರು ‘ಷಾಂಗ್‌ಮೆನ್ ನ್ಯೂಶ್ಯು’ ಅನ್ನುತ್ತಾರೆ, ಬಾಗಿಲಿಗೆ ಬಂದ ಅಳಿಯ ಅಂತ. ಪುಸ್ತಕದ ಮಾತು ‘ಝುಯಿಶ್ಯು’. ಬೆನ್ನ ಹಿಂದೆ ಆಡಿಕೊಳ್ಳುವವರು ‘ದಾವ್ ಛಾ ಮೆನ್’ ಅನ್ನುತ್ತಾರೆ, ಬಾಗಿಲಿಗೆ ಉಲ್ಟಾ ಸಿಕ್ಕಿಸಿದ್ದು ಅನ್ನೋ ಥರದ ಮಾತು.

‘ಝುಯಿ’ ಅನ್ನುವ ಪದ ಒಂದರಲ್ಲೇ ಎಲ್ಲಾ ಕಥೆ ಇದೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಹಾನ್ ರಾಜವಂಶದ ಕಾಲದ ನಿಘಂಟು ಅದಕ್ಕೆ ಕೊಡುವ ಅರ್ಥ, ದುಡ್ಡಿಗಾಗಿ ವಸ್ತು ಅಡ ಇಡುವುದು. ಅಂದರೆ ಬಡವರ ಮನೆ ಮಗ, ಬೇರೆಯವರ ಮನೆಯಲ್ಲಿ ಅಡವಿಟ್ಟ ಆಸಾಮಿ. 7ನೇ ಶತಮಾನದ ಯಾನ್ ಷಿಗು ಅನ್ನುವ ಪಂಡಿತ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮೈಮೇಲೆ ಎದ್ದ ನರಹುಲಿ ಹೇಗೆ ಇರಬಾರದ ಜಾಗದಲ್ಲಿ ಇರುತ್ತದೋ, ಹೆಂಡತಿ ಮನೆಯಲ್ಲಿ ಇವನೂ ಹಾಗೇ ಅಂತ ಬರೆದಿಟ್ಟ. ನಮ್ಮಲ್ಲೂ ‘ಮನೆ ಅಳಿಯ’ ಅನ್ನುವಾಗ ದನಿಯಲ್ಲಿ ಒಂದು ಸಣ್ಣ ನಗು ಇರುತ್ತದೆ, ಹಳೇ ಮೈಸೂರು ಕಡೆ ‘ಮನೆವಾಳ್ತನಕ್ಕೆ ಬಂದವನು’ ಅಂತಲೂ ಅನ್ನುತ್ತಾರೆ. ಆದರೂ ನರಹುಲಿ ತನಕ ಹೋಗೋದು ಸ್ವಲ್ಪ ಜಾಸ್ತಿಯೇ ಆಯಿತು.

ಅಷ್ಟು ಅವಮಾನ ಇದ್ದರೆ ಗಂಡು ಯಾಕೆ ಹೋಗುತ್ತಾನೆ?

ಎರಡು ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಒಂದರಲ್ಲಿ ಗಂಡುಮಕ್ಕಳಿಲ್ಲ, ಜಮೀನು, ಮನೆ ಇದೆ. ಇನ್ನೊಂದರಲ್ಲಿ ನಾಲ್ಕು ಗಂಡುಮಕ್ಕಳು, ಇರೋದು ಒಂದು ತುಂಡು ನೆಲ. ಮದುವೆ ಮಾಡಬೇಕು ಅಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ‘ತ್ಸೈಲಿ’ ಅಂತ ಹಣ ಕೊಡಬೇಕು, ನಮ್ಮ ಹಳೆಯ ತೆರ ಇದ್ದ ಹಾಗೆ. ಜೊತೆಗೆ ಹೊಸ ಮನೆ ಕಟ್ಟಿಸಬೇಕು. ಮೊದಲನೇ ಮಗನಿಗೆ ಮಾಡಿ ಎರಡನೆಯವನಿಗೆ ಬರುವಷ್ಟರಲ್ಲಿ ಅಪ್ಪನ ಕೈ ಖಾಲಿ. ಮೂರನೆಯವನು ಒಂಟಿಯಾಗಿ ಉಳಿಯಬೇಕು, ಇಲ್ಲಾ ಹೆಂಡತಿ ಮನೆಗೆ ಹೋಗಬೇಕು.

ಇದು ಹೊಸ ಲೆಕ್ಕ ಅಲ್ಲ. ಕ್ರಿ.ಪೂ. 2ನೇ ಶತಮಾನದಲ್ಲಿ ಜಿಯಾ ಯಿ ಅನ್ನುವ ಹಾನ್ ಕಾಲದ ಮಂತ್ರಾಲೋಚಕ, ಹಾನ್‌ಗೆ ಮುಂಚೆ ಆಳಿದ ಚಿನ್ ನಾಡಿನ ಜನರ ಬಗ್ಗೆ ಬರೆಯುತ್ತಾ, ಉಳ್ಳವರ ಮನೆಯಲ್ಲಿ ಮಗ ದೊಡ್ಡವನಾದರೆ ಪಾಲು ತೆಗೆದುಕೊಂಡು ಬೇರೆ ಹೋಗುತ್ತಾನೆ, ಬಡವರ ಮನೆಯಲ್ಲಿ ದೊಡ್ಡವನಾದರೆ ಮನೆ ಅಳಿಯನಾಗಿ ಹೋಗುತ್ತಾನೆ ಅಂತ ಹೇಳಿದ್ದ. ಎರಡು ಸಾವಿರ ವರ್ಷ ಆದಮೇಲೂ ಆ ಮಾತಿನ ಎರಡನೇ ಭಾಗ ಹಳತಾಗಿಲ್ಲ.

ಹೆಣ್ಣಿನ ಮನೆಯವರಿಗೆ ಬೇಕಾಗಿರುವುದು ಅಳಿಯ ಅಲ್ಲ, ಮಗ. ಹೊಲಕ್ಕೆ ಇಳಿಯಲು ಎರಡು ಕೈ, ಮುಪ್ಪಿನಲ್ಲಿ ಗಂಜಿ ಹಾಕಲು ಒಬ್ಬ, ಸತ್ತಾಗ ಮಣ್ಣು ಮಾಡಲು ಒಬ್ಬ, ಆಮೇಲೆ ಊದುಬತ್ತಿ ಹಚ್ಚಲು ಅದೇ ಮನೆತನದ ಹೆಸರಿನ ಒಂದು ಮೊಮ್ಮಗು. ಹಳ್ಳಿಯವರಿಗೆ ಸರ್ಕಾರದ ಹೊಸ ಪಿಂಚಣಿ ಶುರುವಾಗಿದ್ದೇ 2009ರಲ್ಲಿ, ಅದೂ ತಿಂಗಳಿಗೆ ಕನಿಷ್ಠ 55 ಯುವಾನ್. ಅಷ್ಟರಲ್ಲಿ ಯಾರು ಬದುಕುತ್ತಾರೆ? ಅದಕ್ಕೇ ನಾನು ಈ ಮದುವೆಯನ್ನು ಪ್ರೇಮದ ಕಥೆಯಾಗಿಯೂ ನೋಡುವುದಿಲ್ಲ, ಹೆಣ್ಣಿನ ಬಿಡುಗಡೆಯ ಕಥೆಯಾಗಿಯೂ ನೋಡುವುದಿಲ್ಲ. ಮೊದಲಿಗೆ ಇದು ಮುಪ್ಪಿನ ಲೆಕ್ಕ.

ಮಗಳೇ ಅಪ್ಪ-ಅಮ್ಮನನ್ನು ನೋಡಿಕೊಳ್ಳಬಹುದಲ್ವಾ?

ನೋಡಿಕೊಳ್ಳಬಹುದು, ಅವಳು ಊರಲ್ಲಿದ್ದರೆ. ಮದುವೆ ಮಾಡಿಕೊಟ್ಟ ಮಗಳು ಚೆಲ್ಲಿದ ನೀರು ಅನ್ನೋದು ಚೀನೀ ಗಾದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅನ್ನುವ ನಮ್ಮ ಗಾದೆಗೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ. ಒಂದೇ ಅಡ್ಡಹೆಸರಿನವರು ಮದುವೆಯಾಗಬಾರದು ಅನ್ನೋದು ಹಳೇ ಕಟ್ಟು. ಊರಿಗೆ ಊರೇ ಒಂದೇ ಅಡ್ಡಹೆಸರಿನ ದಾಯಾದಿಗಳಾಗಿರುವ ಕಡೆ ಮಗಳು ಬೇರೆ ಊರಿಗೆ ಹೋಗಲೇಬೇಕು. ಹೋದಮೇಲೆ ಅವಳ ದುಡಿಮೆ, ಅವಳ ಮಕ್ಕಳು ಎಲ್ಲಾ ಆ ಮನೆಯ ಲೆಕ್ಕಕ್ಕೆ. ಮಗಳನ್ನು ಉಳಿಸಿಕೊಳ್ಳಬೇಕಾದರೆ ಒಬ್ಬ ಗಂಡನ್ನು ಒಳಗೆ ತರಬೇಕು. ದಾರಿ ಅದೊಂದೇ.

ಹಿಂದಿನ ಕಾಲದಲ್ಲಿ ಇವರ ಪಾಡು ಹೇಗಿತ್ತು?

ಘೋರ. 1975ರಲ್ಲಿ ಹುಬೇ ಪ್ರಾಂತ್ಯದ ಷುಯಿಹುದಿ ಅನ್ನುವಲ್ಲಿ ಒಂದು ಹಳೇ ಸಮಾಧಿ ತೆಗೆದಾಗ ಬಿದಿರು ಪಟ್ಟಿಗಳ ರಾಶಿ ಸಿಕ್ಕಿತು. ಚಿನ್ ಕಾಲದ ಒಬ್ಬ ಸಣ್ಣ ಅಧಿಕಾರಿ ಇಟ್ಟುಕೊಂಡಿದ್ದ ಕಾನೂನುಗಳು. ಅದರ ಜೊತೆಗೆ ಪಕ್ಕದ ವೆಯ್ ರಾಜ್ಯದ ಎರಡು ಆಜ್ಞೆಗಳೂ ಇದ್ದವು, ಕ್ರಿ.ಪೂ. 252ರವು. ಮನೆ ಅಳಿಯನಿಗೆ ಜಮೀನು ಕೊಡಬೇಡಿ, ಮನೆ ಕಟ್ಟಲು ಜಾಗ ಕೊಡಬೇಡಿ ಅಂತ ಒಂದು. ದಂಡಿಗೆ ಕರೆದೊಯ್ದರೆ ಊಟದಲ್ಲೂ ಕಡಿಮೆ ಕೊಡಿ, ಕೋಟೆಗೆ ಮುತ್ತಿಗೆ ಹಾಕುವಾಗ ಎಲ್ಲಿ ಜನ ಸಾಲದೋ ಅಲ್ಲಿಗೆ ನೂಕಿ, ಕಂದಕ ತುಂಬಿಸಲು ಬಳಸಿ ಅಂತ ಇನ್ನೊಂದು. ಇನ್ನು ಕ್ರಿ.ಪೂ. 214ರಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ದಕ್ಷಿಣದ ಕಾಡು ನಾಡುಗಳನ್ನು ಗೆಲ್ಲಲು ಮೂರು ಥರದ ಜನರನ್ನು ಅಟ್ಟಿದ: ತಲೆ ತಪ್ಪಿಸಿಕೊಂಡು ಓಡಿಹೋಗಿದ್ದವರು, ವ್ಯಾಪಾರಿಗಳು, ಮನೆ ಅಳಿಯಂದಿರು.

ಎಲ್ಲರೂ ಹಾಗೇ ಹೋಗಲಿಲ್ಲ. ಚಿ ರಾಜ್ಯದ ಛುನ್‌ಯೂ ಕುನ್ ಕುಳ್ಳ, ಮಾತಿನ ಮಲ್ಲ, ರಾಜನ ಹತ್ತಿರವೇ ಒಗಟು ಹೇಳಿ ಬುದ್ಧಿ ಕಲಿಸಿದವನು. ಇತಿಹಾಸಕಾರ ಸಿಮಾ ಛಿಯನ್ ಅವನನ್ನು ಪರಿಚಯ ಮಾಡಿಕೊಡುವ ಮೊದಲ ಸಾಲೇ, ಇವನು ಚಿ ನಾಡಿನ ಒಬ್ಬ ಮನೆ ಅಳಿಯ ಅನ್ನೋದು.

ಮಂಗೋಲರ ಯುವಾನ್ ಆಳ್ವಿಕೆ ಬರುವ ಹೊತ್ತಿಗೆ ಇದಕ್ಕೆ ಸರಿಯಾದ ವಿಂಗಡಣೆಯೇ ಇತ್ತು. ಸಾಯುವ ತನಕ ಅತ್ತೆ-ಮಾವನನ್ನು ಸಾಕುವವನು ಒಂದು ಬಗೆ. ಇಷ್ಟು ವರ್ಷ ದುಡಿದು ಆಮೇಲೆ ಹೆಂಡತಿಯನ್ನು ಕರೆದುಕೊಂಡು ತನ್ನ ಮನೆಗೆ ಹೋಗುವವನು ಇನ್ನೊಂದು. ಹೆಂಡತಿ ಮನೆಯವರಿಂದ ಬೇರೆ ಸಂಸಾರ ಹೂಡಿಕೊಂಡವನು ಮತ್ತೊಂದು. ಅವಧಿ ಮುಗಿದೋ, ಹೆಂಡತಿ ಸತ್ತೋ, ಬಿಡುಗಡೆ ಆಗಿಯೋ ತನ್ನ ಮನೆತನಕ್ಕೆ ವಾಪಸ್ ಹೋದವನು ನಾಲ್ಕನೆಯದು. ಎರಡನೆಯದನ್ನು ನೋಡಿದರೆ ಗೊತ್ತಾಗುತ್ತದಲ್ಲ, ತೆರ ಕೊಡಲಾಗದವನು ದುಡಿಮೆಯಲ್ಲಿ ತೀರಿಸುವುದು ಅದು.

ಕರಾರು ಪತ್ರ ಬರೆಯುತ್ತಾರಂತೆ, ನಿಜವಾ?

ನಿಜ. ಹಳೇ ಕಾಲದಲ್ಲಂತೂ ಇದು ಮುಖ್ಯವಾದ ಸಂಗತಿ. ಸಾಮಾನ್ಯ ಮದುವೆಯಲ್ಲಿ ಯಾರಿಗೆ ಏನು ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ, ಬರೆಯುವ ಅಗತ್ಯ ಇಲ್ಲ. ಇಲ್ಲಿ ಎಲ್ಲಾ ತಿರುಗುಮುರುಗು, ಹಾಗಾಗಿ ಬರೆದೇ ಇಡಬೇಕು. 1936ರಲ್ಲಿ ಫೈ ಶಿಯಾವ್‌ತೋಂಗ್ ಅನ್ನುವ ಸಮಾಜಶಾಸ್ತ್ರಜ್ಞ ಜಿಯಾಂಗ್‌ಸು ಪ್ರಾಂತ್ಯದ ಕೈಷಿಯಾನ್‌ಗೋಂಗ್ ಅನ್ನುವ ರೇಷ್ಮೆ ಹಳ್ಳಿಯಲ್ಲಿ ಕೂತು ನೋಡಿದ್ದನ್ನು ಬರೆದಿದ್ದಾರೆ. ಹೆಣ್ಣಿನ ಕಡೆಯವರೇ ಗಂಡಿನ ಮನೆಗೆ ಉಡುಗೊರೆ ಕಳಿಸುತ್ತಿದ್ದರು, ಮದುವೆ ಹೆಣ್ಣಿನ ಮನೆಯಲ್ಲಿ, ಮಕ್ಕಳು ತಾಯಿಯ ಮನೆತನದ ಹೆಸರು ಇಟ್ಟುಕೊಳ್ಳುತ್ತವೆ ಅಂತ ಕರಾರು.

ಕರಾರಿಗೆ ಇನ್ನೊಂದು ಕಾರಣ ದಾಯಾದಿಗಳು. ಗಂಡುಮಗ ಇಲ್ಲದೆ ಒಬ್ಬ ಸತ್ತರೆ ಅವನ ಅಣ್ಣ-ತಮ್ಮಂದಿರ ಮಗನನ್ನು ದತ್ತು ತಗೊಂಡು ಆಸ್ತಿ ಅವನಿಗೆ ಹೋಗುವುದು ರೂಢಿ. ಹಾಗಿರುವಾಗ ಎಲ್ಲಿಂದಲೋ ಬಂದ ಬೇರೆ ಹೆಸರಿನ ಹುಡುಗ ಆ ಮನೆಯಲ್ಲಿ ಕೂತರೆ ಅಣ್ಣನ ಮಗ ಸುಮ್ನೆ ಇರುತ್ತಾನಾ? ಅದಕ್ಕೆ ಕರಾರಿಗೆ ದಾಯಾದಿಗಳನ್ನೇ ಸಾಕ್ಷಿಗೆ ಕೂರಿಸುವುದು ಜಾಣತನ. ಇವತ್ತು ಸಹಿ ಹಾಕಿದವನು ನಾಳೆ ತಕರಾರು ತೆಗೆಯುವುದು ಕಷ್ಟ.

ಕೆಲವು ಕಡೆ ಅಳಿಯನೇ ಹೆಂಡತಿಯ ಅಡ್ಡಹೆಸರಿಗೆ ಬದಲಾಗಬೇಕಿತ್ತು. ‘ಸಾನ್ ದೈ ಹುವಾನ್ ಝೋಂಗ್’ ಅಂತ ಒಂದು ಮಾತಿದೆ: ಮೂರು ತಲೆಮಾರು ಕಳೆದ ಮೇಲೆ ಮೂಲ ಹೆಸರಿಗೆ ವಾಪಸ್. ಅಜ್ಜ ಕೊಟ್ಟ ಹೆಸರನ್ನು ಮೊಮ್ಮಕ್ಕಳ ಕಾಲದಲ್ಲಿ ಹಿಂದಕ್ಕೆ ತಗೊಳ್ಳೋದು, ಸಾಲದ ಹಾಗೆ. ಫುಜಿಯಾನ್‌ನ ದಕ್ಷಿಣದಲ್ಲಿ, ತೈವಾನ್‌ನಲ್ಲಿ ಮಕ್ಕಳಲ್ಲಿ ಒಂದಕ್ಕೆ ಮಾತ್ರ ತಾಯಿಯ ಮನೆತನದ ಹೆಸರು ಇಡುವ ಪದ್ಧತಿಗೆ ಹೆಣ್ಣು ಹಂದಿ ತೆರಿಗೆ ಅನ್ನುತ್ತಾರೆ. ಹಂದಿ ಸಾಕಲು ಕೊಟ್ಟವನಿಗೆ ಒಂದು ಮರಿ ವಾಪಸ್ ಕೊಡುವ ಲೆಕ್ಕ! ನಮ್ಮ ಹಳ್ಳಿಗಳಲ್ಲೂ ಕುರಿಯನ್ನು ಪಾಲಿಗೆ ಸಾಕಲು ಕೊಡುತ್ತಾರಲ್ಲ, ಅದು ಗೊತ್ತಿದ್ದವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ.

ಚೀನಾದ ಎಲ್ಲಾ ಕಡೆ ಇದು ಒಂದೇ ಥರ ಇದೆಯಾ?

ಇಲ್ಲವೇ ಇಲ್ಲ. ಸಂಶೋಧಕರು ಹೆಚ್ಚಾಗಿ ಹೋಲಿಸುವ ಮೂರು ಜಾಗ ಇವೆ. ಶಾನ್‌ಷಿ ಪ್ರಾಂತ್ಯದ ದಕ್ಷಿಣದ ಬೆಟ್ಟಗಳಲ್ಲಿರುವ ಲ್ಯುಯೆಯಾಂಗ್‌ನಲ್ಲಿ ಮನೆ ಅಳಿಯಂದಿರು ಬಹಳ. ಅದೇ ಪ್ರಾಂತ್ಯದ ಬಯಲಿನ ಸಾನ್‌ಯುವಾನ್‌ನಲ್ಲಿ ಅಪರೂಪ. ಹುಬೇಯ ಸೊಂಗ್‌ಝಿ ನಡುವೆ ಎಲ್ಲೋ ನಿಲ್ಲುತ್ತದೆ. ಲ್ಯುಯೆಯಾಂಗ್‌ನಲ್ಲಿ ಹಲವು ಕಡೆಯಿಂದ ವಲಸೆ ಬಂದು ನೆಲೆಸಿದವರು, ಕುಲದ ಹಿಡಿತ ಸಡಿಲ, ಬೆಟ್ಟದ ಬೇಸಾಯಕ್ಕೆ ಆಳು ಸಾಲದು. ಅಲ್ಲಿ ಗಂಡುಮಕ್ಕಳು ಇರುವ ಮನೆಯವರೂ ಅಳಿಯನನ್ನು ಕರೆಸಿಕೊಳ್ಳುತ್ತಾರೆ, ಅದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಕುಲದ ಗುಡಿ, ವಂಶಾವಳಿ ಪುಸ್ತಕ ಗಟ್ಟಿಯಾಗಿರುವ ಗುವಾಂಗ್‌ಡೋಂಗ್, ಫುಜಿಯಾನ್ ಕಡೆಯ ಒಂದೇ ಹೆಸರಿನ ಹಳ್ಳಿಗಳಲ್ಲಿ ಇದೇ ಮದುವೆಗೆ ಮುಖ ಸಿಂಡರಿಸುತ್ತಾರೆ. ಅಂದರೆ ನಾಚಿಕೆ ಅನ್ನೋದು ಮದುವೆಯಲ್ಲಿಲ್ಲ, ಆ ಊರಿನಲ್ಲಿ ಕುಲದ ಜೋರು ಎಷ್ಟಿದೆ ಅನ್ನುವುದರಲ್ಲಿದೆ.

ಯುನ್ನಾನ್‌ನ ದಾಯ್ ಜನರಲ್ಲಿ ಗಂಡ ಮೊದಲು ಕೆಲವು ವರ್ಷ ಹೆಂಡತಿ ಮನೆಯಲ್ಲಿರುವುದು ಮಾಮೂಲಿ ಪದ್ಧತಿ. ಅವರ ಮುಂದೆ ನರಹುಲಿ ಮಾತೆತ್ತಿದರೆ ನಗುತ್ತಾರೆ.

ಇದು ಮೋಸುವೋ ಜನರ ‘ನಡೆದು ಬರುವ ಮದುವೆ’ ಅಲ್ವಾ? ಅಥವಾ ನಮ್ಮ ಅಳಿಯಸಂತಾನದ ಥರನಾ?

ಎರಡೂ ಅಲ್ಲ. ಲೂಗು ಸರೋವರದ ಮೋಸುವೋಗಳಲ್ಲಿ ಗಂಡು ರಾತ್ರಿ ಬಂದು ಬೆಳಗ್ಗೆ ತನ್ನ ತಾಯಿ ಮನೆಗೆ ಹೋಗುತ್ತಾನೆ, ಹೆಂಡತಿ ಮನೆಯಲ್ಲಿ ಸೇರಿಕೊಳ್ಳುವುದಿಲ್ಲ. ತುಳುನಾಡಿನ ಅಳಿಯಸಂತಾನದಲ್ಲಿ ವಂಶ, ಆಸ್ತಿ ಎರಡೂ ಹೆಣ್ಣಿನ ಕಡೆಯಿಂದಲೇ ಇಳಿಯುತ್ತಿದ್ದವು, ಅಲ್ಲಿಯ ಅಳಿಯ ಮಗಳ ಗಂಡ ಅಲ್ಲ, ಅಕ್ಕ-ತಂಗಿಯ ಮಗ. ಚೀನಾದ ಮನೆ ಅಳಿಯ ಇರುವುದು ತಂದೆಯ ವಂಶವನ್ನೇ ಕಾಪಾಡಲು. ಮಗ ಇಲ್ಲದ ಜಾಗದಲ್ಲಿ ಮಗಳನ್ನು ಮಗನ ಹಾಗೆ ಕೂರಿಸಿ, ಅವಳ ಗಂಡನನ್ನು ಸೊಸೆಯ ಹಾಗೆ ತರುವುದು. ವ್ಯವಸ್ಥೆ ಬದಲಾಗಲಿಲ್ಲ, ಪಾತ್ರ ಅದಲುಬದಲಾಯಿತು ಅಷ್ಟೇ.

ಸರ್ಕಾರ ಏನನ್ನುತ್ತದೆ?

ಸರ್ಕಾರಕ್ಕೆ ಇದು ಇಷ್ಟ. ಬಹಳ ಇಷ್ಟ. 1980ರ ಮದುವೆ ಕಾನೂನಿನಲ್ಲಿ, ಇಬ್ಬರೂ ಒಪ್ಪಿದರೆ ಹೆಣ್ಣು ಗಂಡಿನ ಕುಟುಂಬದ ಸದಸ್ಯೆ ಆಗಬಹುದು, ಗಂಡೂ ಹೆಣ್ಣಿನ ಕುಟುಂಬದ ಸದಸ್ಯ ಆಗಬಹುದು ಅಂತ ಬರೆದರು. ಆ ‘ಗಂಡೂ’ದಲ್ಲಿರುವ ‘ಊ’ ನೋಡಿ. 2001ರ ತಿದ್ದುಪಡಿಯಲ್ಲಿ ಆ ಒಂದು ಅಕ್ಷರವನ್ನು ತೆಗೆದುಹಾಕಿದರು. ಮೊದಲನೆಯದು ರೂಢಿ, ಎರಡನೆಯದು ರಿಯಾಯಿತಿ ಅನ್ನುವ ಧ್ವನಿ ಬರಬಾರದು ಅಂತ. ಒಂದು ಅಕ್ಷರಕ್ಕಾಗಿ 21 ವರ್ಷ! 2021ರಿಂದ ಜಾರಿಯಲ್ಲಿರುವ ಸಿವಿಲ್ ಸಂಹಿತೆಯಲ್ಲೂ ಇದೇ ಮಾತು ಇದೆ, 1050ನೇ ವಿಧಿ. ಮಗು ಅಪ್ಪನ ಅಡ್ಡಹೆಸರನ್ನಾದರೂ ಇಟ್ಟುಕೊಳ್ಳಬಹುದು, ಅಮ್ಮನದಾದರೂ ಸರಿ.

ಇಷ್ಟ ಯಾಕೆ ಅಂದರೆ, 2015ರ ಕೊನೆಯ ತನಕ ಇದ್ದ ಒಂದೇ ಮಗುವಿನ ನೀತಿ. 1980ರ ಸುಮಾರಿಗೆ ಅದು ಬಂದಾಗ ಹಳ್ಳಿಯವರ ಮೊದಲ ಪ್ರಶ್ನೆಯೇ, ಹುಟ್ಟಿದ್ದು ಹೆಣ್ಣಾದರೆ ನಮ್ಮ ಮುಪ್ಪಿಗೆ ಗತಿ ಯಾರು ಅನ್ನೋದು. 1984ರ ನಂತರ ಬಹಳಷ್ಟು ಹಳ್ಳಿ ಕಡೆ ಮೊದಲನೆಯದು ಹೆಣ್ಣಾದರೆ ಎರಡನೆಯದಕ್ಕೆ ಬಿಟ್ಟರು. ಎರಡನೆಯದೂ ಹೆಣ್ಣಾದರೆ? ಅಲ್ಲಿಗೆ ನಿಲ್ಲಿಸಬೇಕು. ಬಹಳ ಜನ ಗರ್ಭದಲ್ಲೇ ಪತ್ತೆ ಮಾಡಿಸಿ ಹೆಣ್ಣನ್ನು ತೆಗೆಸಿದರು. 2010ರ ಹೊತ್ತಿಗೆ 100 ಹೆಣ್ಣು ಕೂಸಿಗೆ ಸುಮಾರು 118 ಗಂಡು ಕೂಸು ಹುಟ್ಟುತ್ತಿದ್ದವು. ಅಳಿಯನೂ ಮಗನೇ ಅಂತ ಜನ ನಂಬಿದರೆ ಈ ಹುಚ್ಚು ಕಡಿಮೆ ಆಗಬಹುದು ಅನ್ನೋದು ಸರ್ಕಾರದ ಲೆಕ್ಕ. 2003ರಲ್ಲಿ ಶುರುವಾದ ‘ಹೆಣ್ಣುಮಗುವನ್ನು ಕಾಪಾಡಿ’ ಥರದ ಆಂದೋಲನದಲ್ಲಿ ಇದೂ ಒಂದು ಅಂಶ. 2004ರಲ್ಲಿ ಒಂದೇ ಮಗು ಅಥವಾ ಎರಡು ಹೆಣ್ಣುಮಕ್ಕಳಷ್ಟೇ ಇರುವ ಹಳ್ಳಿಯವರಿಗೆ 60 ವರ್ಷದ ಮೇಲೆ ವರ್ಷಕ್ಕೆ ಕನಿಷ್ಠ 600 ಯುವಾನ್ ಕೊಡುವುದನ್ನು ಪ್ರಯೋಗವಾಗಿ ಶುರುಮಾಡಿದರು. ವರ್ಷಕ್ಕೆ 600, ತಿಂಗಳಿಗಲ್ಲ. ಗಂಡುಮಗನ ಆಸೆ ಬಿಡಿಸಲು ಇದು ಸಾಲದು ಅನ್ನೋದಕ್ಕೆ ದೊಡ್ಡ ಪಂಡಿತ ಆಗಬೇಕಿಲ್ಲ.

ಮಾವನ ಆಸ್ತಿಯಲ್ಲಿ ಅಳಿಯನಿಗೆ ಪಾಲು ಸಿಗುತ್ತಾ?

ಮಗಳಿಗೆ ಮಗನಷ್ಟೇ ಹಕ್ಕಿದೆ, ಅದು ಕಾನೂನು. ಅಳಿಯನಿಗೆ ನೇರವಾಗಿ ಇಲ್ಲ. ಆದರೆ 1985ರ ಉತ್ತರಾಧಿಕಾರ ಕಾನೂನಿನಲ್ಲಿ ಒಂದು ಒಳ್ಳೆಯ ಮಾತು ಸೇರಿಸಿದರು, ಅದು ಈಗಿನ ಸಂಹಿತೆಯಲ್ಲೂ ಉಳಿದಿದೆ. ಹೆಂಡತಿ ಸತ್ತ ಮೇಲೂ ಅತ್ತೆ-ಮಾವನನ್ನು ಮುಖ್ಯವಾಗಿ ತಾನೇ ಸಾಕಿದ ಅಳಿಯ ಮೊದಲ ಸಾಲಿನ ವಾರಸುದಾರ, ಸ್ವಂತ ಮಗನ ಸಮಕ್ಕೆ. ಗಂಡ ಸತ್ತ ಮೇಲೂ ಅತ್ತೆ-ಮಾವನನ್ನು ನೋಡಿಕೊಂಡ ಸೊಸೆಗೂ ಇದೇ ಹಕ್ಕು. ಗಂಜಿ ಹಾಕಿದವನಿಗೆ ಗದ್ದೆ, ಹಳ್ಳಿಯ ನ್ಯಾಯಕ್ಕೆ ಹತ್ತಿರದ ಕಾನೂನು ಇದು.

ಹಾಗಾದರೆ ಈಗ ತೊಂದರೆ ಎಲ್ಲಿದೆ?

ಊರಿನ ಜಮೀನಿನಲ್ಲಿ. ಚೀನಾದ ಹಳ್ಳಿಗಳಲ್ಲಿ ನೆಲ ಯಾರೊಬ್ಬರ ಸ್ವಂತದ್ದೂ ಅಲ್ಲ, ಊರಿನ ಸಾಮೂಹಿಕ ಸಂಸ್ಥೆಯದ್ದು. ಮನೆಗಳಿಗೆ ಗುತ್ತಿಗೆ ಕೊಡುತ್ತಾರೆ. ಪಟ್ಟಣ ಬೆಳೆದು ಊರ ಹತ್ತಿರ ಬಂದರೆ, ಸರ್ಕಾರ ನೆಲ ತಗೊಂಡರೆ, ಪರಿಹಾರದ ಹಣವೋ ಬಾಡಿಗೆಯೋ ಸದಸ್ಯರಿಗೆ ತಲೆಲೆಕ್ಕದಲ್ಲಿ ಹಂಚಿಕೆ. ಈಗ ಅಳಿಯ ಬಂದ ಅಂದರೆ ಒಂದು ತಲೆ ಜಾಸ್ತಿ. ಅವನ ಮಕ್ಕಳು ಇನ್ನೆರಡು. ಊಟ ಒಂದೇ ಪಾತ್ರೆಯದ್ದು, ತಟ್ಟೆ ಹೆಚ್ಚಾದರೆ ಪಕ್ಕದ ಮನೆಯವರಿಗೆ ಹೊಟ್ಟೆ ಉರಿಯದೆ ಇರುತ್ತಾ?

ಹಾಗಾಗಿ ಊರವರು ತಾವೇ ಕಟ್ಟಲೆ ಮಾಡಿಕೊಳ್ಳುತ್ತಾರೆ. ಬರೀ ಹೆಣ್ಣುಮಕ್ಕಳಿರುವ ಮನೆಗೆ ಒಬ್ಬನೇ ಅಳಿಯ, ಎರಡನೇ ಮಗಳ ಗಂಡ ಬಂದರೆ ಪಾಲಿಲ್ಲ. ಗಂಡುಮಗ ಇರುವ ಮನೆಗೆ ಅಳಿಯ ಬಂದರೆ ಪಾಲೇ ಇಲ್ಲ. ಊರೊಳಗೇ ಉಳಿದ ಮಗಳ ಹೆಸರನ್ನೂ ಪಟ್ಟಿಯಿಂದ ತೆಗೆದ ಉದಾಹರಣೆಗಳಿವೆ, ಮದುವೆಯಾಗಿದೆ ಅನ್ನುವ ಒಂದೇ ನೆಪಕ್ಕೆ. ಮಹಿಳೆಯರ ಹಕ್ಕಿನ ಕಾನೂನು 2005ರಲ್ಲೇ, ಹೆಂಡತಿ ಊರಿಗೆ ಬಂದು ನೆಲೆಸಿದ ಗಂಡನಿಗೂ ಅವನ ಮಕ್ಕಳಿಗೂ ಊರಿನ ಉಳಿದ ಸದಸ್ಯರಷ್ಟೇ ಹಕ್ಕು ಅಂತ ಹೇಳಿದೆ. 2025ರ ಮೇ 1ರಿಂದ ಹಳ್ಳಿಯ ಸಾಮೂಹಿಕ ಸಂಸ್ಥೆಗಳ ಮೇಲೆ ಪ್ರತ್ಯೇಕ ಕಾನೂನೇ ಬಂದಿದೆ. ಮದುವೆ, ವಿಚ್ಛೇದನ, ಗಂಡ ಸತ್ತದ್ದು, ಕೊನೆಗೆ ‘ಮನೆಯಲ್ಲಿ ಗಂಡಸರಿಲ್ಲ’ ಅನ್ನುವ ಕಾರಣವನ್ನೂ ಹೇಳಿ ಹೆಂಗಸಿನ ಹಕ್ಕು ಕಸಿಯುವಂತಿಲ್ಲ ಅಂತ ಅದರಲ್ಲಿ ಬಿಡಿಸಿ ಬರೆದಿದ್ದಾರೆ. ಅಷ್ಟು ಬಿಡಿಸಿ ಬರೆಯಬೇಕಾಯಿತು ಅಂದರೆ ಅಷ್ಟೂ ನೆಪಗಳು ಚಾಲ್ತಿಯಲ್ಲಿದ್ದವು ಅಂತಲೇ ಅರ್ಥ.

ಷಿಯಾವ್‌ಷಾನ್‌ನಲ್ಲಿ ಅಳಿಯಂದಿರ ಸಂತೆ ನಡೆಯುತ್ತದಂತೆ?

ಸಂತೆ ಅನ್ನೋದು ತಮಾಷೆ, ಆದರೆ ದಲ್ಲಾಳಿಗಳು ಇದ್ದಾರೆ. ಷಿಯಾವ್‌ಷಾನ್ ಈಗ ಹಾಂಗ್‌ಝೌ ನಗರದ ಭಾಗ, ಮೊದಲು ಹಳ್ಳಿಗಾಡು. ಕಾರ್ಖಾನೆಗಳಿಂದ, ನೆಲದ ಪರಿಹಾರದಿಂದ ಅಲ್ಲಿಯ ರೈತರು ದುಡ್ಡು ಕಂಡರು. ಒಂದೊಂದೇ ಮಗಳು ಇರುವ ಮನೆಗಳೂ ಬಹಳ. ಇಷ್ಟು ಆಸ್ತಿ ಇಟ್ಟುಕೊಂಡು ಮಗಳನ್ನು ಹೊರಗೆ ಕಳಿಸುವುದೇ? ಹಾಗಾಗಿ ಬೇರೆ ಪ್ರಾಂತ್ಯಗಳಿಂದ ಓದಿದ ಹುಡುಗರನ್ನು ಹುಡುಕಿ ಮನೆ ಅಳಿಯನಾಗಿ ತರುವ ಪದ್ಧತಿ ಬೆಳೆಯಿತು, ಅದಕ್ಕೆಂದೇ ಮದುವೆ ಕಚೇರಿಗಳೂ ತೆರೆದವು. 2021ರಲ್ಲಿ ಮನೆ ಅಳಿಯನ ಬಗ್ಗೆ ಒಂದು ಹಾಸ್ಯ ಧಾರಾವಾಹಿ ಜೋರಾಗಿ ಓಡಿದಾಗ ದೇಶದ ಸುದ್ದಿಗಾರರೆಲ್ಲ ಅಲ್ಲಿಗೆ ಹೋಗಿ ಕ್ಯಾಮೆರಾ ಇಟ್ಟರು. ಜಿಯಾ ಯಿ ಕಾಲದಲ್ಲಿ ಬಡತನಕ್ಕೆ ಹೋಗುತ್ತಿದ್ದ ಹುಡುಗ, ಈಗ ಎತ್ತರ, ಡಿಗ್ರಿ, ಕೆಲಸ ಎಲ್ಲಾ ತೋರಿಸಿ ಸರದಿಯಲ್ಲಿ ನಿಲ್ಲಬೇಕು. ನಗರದಲ್ಲಿ ಸ್ವಂತ ಮನೆ ಕೊಳ್ಳುವ ಶಕ್ತಿ ಅವನಿಗಿಲ್ಲ ಅನ್ನೋದು ಮಾತ್ರ ಹಾಗೇ ಇದೆ.

ಎರಡೂ ಮನೆಯವರಿಗೆ ಒಂದೊಂದೇ ಮಗು ಇದ್ದರೆ?

ಅದಕ್ಕೆ ಜಿಯಾಂಗ್‌ಸು, ಝೆಜಿಯಾಂಗ್ ಕಡೆ ‘ಲ್ಯಾಂಗ್‌ತೋ ಹುನ್’ ಬಂದಿದೆ, ಎರಡು ತುದಿಯ ಮದುವೆ. ಯಾರೂ ಯಾರ ಮನೆಗೂ ಹೋಗುವುದಿಲ್ಲ. ತೆರವೂ ಇಲ್ಲ, ಹೆಣ್ಣಿನ ಕಡೆಯ ಬಳುವಳಿಯೂ ಇಲ್ಲ. ಎರಡೂ ಮನೆಯಲ್ಲಿ ದಂಪತಿಗೆ ಕೋಣೆ ಇರುತ್ತದೆ, ಕೆಲವು ದಿನ ಇಲ್ಲಿ, ಕೆಲವು ದಿನ ಅಲ್ಲಿ. ಇಬ್ಬರು ಮಕ್ಕಳನ್ನು ಹೆರಬೇಕು, ಒಂದಕ್ಕೆ ಅಪ್ಪನ ಅಡ್ಡಹೆಸರು, ಇನ್ನೊಂದಕ್ಕೆ ಅಮ್ಮನದು. ಮಕ್ಕಳು ಎರಡೂ ಕಡೆಯ ಹಿರಿಯರನ್ನು ‘ಯೆಯೆ, ನೈನೈ’ ಅಂತಲೇ ಕರೆಯುತ್ತವೆ, ಅಂದರೆ ತಂದೆಯ ಕಡೆಯ ಅಜ್ಜ-ಅಜ್ಜಿಯ ಹೆಸರಿನಲ್ಲಿ. ತಾಯಿ ಕಡೆಯವರಿಗೆ ‘ಹೊರಗಿನ’ ಅನ್ನುವ ಅರ್ಥ ಬರುವ ಪದ ಬಳಸುವುದು ಚೀನೀ ರೂಢಿ, ಇಲ್ಲಿ ಹೊರಗಿನವರು ಯಾರೂ ಇಲ್ಲವಲ್ಲ.

ಕೇಳಲು ಚೆಂದ. ಆದರೆ ಎರಡನೇ ಮಗು ಬೇಡ ಅಂತ ಹುಡುಗಿ ಅಂದ ದಿನ ಜಗಳ ಶುರು, ಇರುವ ಒಂದು ಮಗು ಯಾರ ಹೆಸರಿಗೆ ಅಂತ.

ಮನೆ ಅಳಿಯ ಬಂದರೆ ಹೆಣ್ಣಿಗೆ ಸುಖ ಅಲ್ವಾ?

ಒಂದು ಮಟ್ಟಿಗೆ ಹೌದು. ಹೊಸ ಊರಿನಲ್ಲಿ ಅಪರಿಚಿತ ಅತ್ತೆಯ ಕೈಕೆಳಗೆ ಬಾಳುವ ಕಷ್ಟ ಇಲ್ಲ, ಬಾಣಂತನಕ್ಕೆ ಅಮ್ಮ ಪಕ್ಕದಲ್ಲೇ. ಆದರೆ ಅವಳೂ ಕರಾರಿನಲ್ಲಿ ಸಿಕ್ಕಿಕೊಂಡಿರುತ್ತಾಳೆ. ತಂಗಿ ಬೇಕಾದ ಕಡೆ ಹೋಗಬಹುದು, ಮನೆಗೆಂದು ಉಳಿಸಿಕೊಂಡ ಇವಳು ಮಾತ್ರ ಹೋಗುವಂತಿಲ್ಲ. ಅಪ್ಪ-ಅಮ್ಮ ಮತ್ತು ಗಂಡನ ನಡುವೆ ಮಾತು ಬಂದಾಗ ಎರಡೂ ಕಡೆಯವರು ಮೊದಲು ತಿರುಗಿ ನೋಡುವುದು ಇವಳ ಮುಖವನ್ನೇ.

ಅಳಿಯನ ಕಷ್ಟದ ಬಗ್ಗೆ ಅಲ್ಲಿ ಬಹಳ ಮಾತಾಡುತ್ತಾರೆ. ಅಡುಗೆಮನೆಯಲ್ಲಿ ಕೇಳದೆ ಕೈ ಹಾಕುವಂತಿಲ್ಲ, ತವರಿಗೆ ಹಣ ಕಳಿಸಿದರೆ ಮುಖ ಊದಿಸುತ್ತಾರೆ, ಹಬ್ಬಕ್ಕೆ ತನ್ನೂರಿಗೆ ಹೋಗಲು ಅಪ್ಪಣೆ ಬೇಕು. ಓದುತ್ತಾ ಹೋದರೆ ಇದೆಲ್ಲೋ ಕೇಳಿದ ಹಾಗಿದೆಯಲ್ಲ ಅನಿಸುತ್ತದೆ. ಯಾವ ಸೊಸೆಯನ್ನಾದರೂ ಕೇಳಿ ನೋಡಿ, ಪಟ್ಟಿಗೆ ಇನ್ನೂ ನಾಲ್ಕು ಸೇರಿಸುತ್ತಾಳೆ.

ಸತ್ತ ಮೇಲೆ ಅವನನ್ನು ಎಲ್ಲಿ ಹೂಳುತ್ತಾರೆ?

ಕರಾರು ಪೂರ್ತಿ ಪಾಲಿಸಿದ್ದರೆ ಹೆಂಡತಿಯ ಕಡೆಯವರ ಜಾಗದಲ್ಲಿ, ಹೆಂಡತಿಯ ಪಕ್ಕ. ವಂಶಾವಳಿ ಪುಸ್ತಕದ ಮಾತು ಬೇರೆ. ಬೇರೆ ಹೆಸರಿನವನು ಸೇರಿದರೆ ಕುಲ ಕೆಡುತ್ತದೆ ಅಂತ ಎಷ್ಟೋ ಹಳೇ ವಂಶಾವಳಿಗಳು ಇಂಥವರನ್ನು ಬರೆದುಕೊಳ್ಳುತ್ತಲೇ ಇರಲಿಲ್ಲ. ಬದುಕೆಲ್ಲಾ ಒಂದು ಮನೆಗೆ ದುಡಿದು, ಆ ಮನೆಯ ಪುಸ್ತಕದಲ್ಲಿ ಒಂದು ಸಾಲು ಇಲ್ಲ.

ಬದುಕಿರುವಾಗ ಈ ಪ್ರಶ್ನೆ ಪ್ರತಿ ವರ್ಷ ಏಪ್ರಿಲ್ 4ರ ಆಸುಪಾಸಿನಲ್ಲಿ ಬರುತ್ತದೆ, ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ಹಬ್ಬಕ್ಕೆ. 2008ರಿಂದ ಅದಕ್ಕೆ ಸರ್ಕಾರಿ ರಜೆಯೂ ಇದೆ. ಅಳಿಯ ಪಕ್ಕದ ಊರಿನವನಾದರೆ ಬೆಳಗ್ಗೆ ಮಾವನ ಕಡೆಯ ಹಿರಿಯರಿಗೆ ಊದುಬತ್ತಿ ಹಚ್ಚಿ, ಮಧ್ಯಾಹ್ನ ತನ್ನ ಅಪ್ಪನ ಸಮಾಧಿಗೆ ಹೋಗಿ ಬರುತ್ತಾನೆ. ಸಾವಿರ ಕಿಲೋಮೀಟರ್ ದೂರದಿಂದ ಬಂದವನಿಗೆ ಒಂದೇ ರಜೆಯಲ್ಲಿ ಎರಡೂ ಆಗುವುದು ಕಷ್ಟ. ಯಾವ ವರ್ಷ ಯಾವ ಕಡೆ ಅಂತ ಮದುವೆಗೆ ಮುಂಚೆಯೇ ಮಾತಾಡಿಕೊಂಡಿದ್ದರೆ ಸರಿ, ಇಲ್ಲದಿದ್ದರೆ ಮಾರ್ಚ್ ಕೊನೆಯ ವಾರದಿಂದಲೇ ಮನೆಯಲ್ಲಿ ಮುಸುಕಿನ ಗುದ್ದಾಟ.